ನೋಡು, ಮೂವತ್ತೊಂದು

ಗಾಡಿಕೊಪ್ಪದ ಆಚೆ, ನಿಂತುಹೋದ ಸಾಮಿಲ್ಲಿನ ಶೆಡ್ಡು
ನಮ್ಮ ಕಾಲೇಜಿಗೆ ಸಿಕ್ಕಿದ್ದು ಹನ್ನೊಂದು ತಿಂಗಳ ಕರಾರಿಗೆ.
ಅರ್ಧ ನಮಗೆ. ಇನ್ನರ್ಧ
ಹರಾಜಿಗೆ ಕಾದು ಬಿದ್ದ ದಿಮ್ಮಿಗಳಿಗೆ:
ತೇಗ, ಹೊನ್ನೆ, ಮತ್ತಿ, ನಂದಿ,
ಕೊಯ್ದ ಮುಖದ ಮೇಲೆ ಸುತ್ತಿಗೆಯ ಮುದ್ರೆ, ಸುಣ್ಣದಲ್ಲಿ ಬರೆದ ನಂಬರು.

ನಮ್ಮವಕ್ಕೂ ನಂಬರೇ. ಒಂದರಿಂದ ನಲವತ್ತೆಂಟು.
ಬೆಂಕಿಪೊಟ್ಟಣದಷ್ಟು ಡಬ್ಬಿ, ಕಿರುಬೆರಳುದ್ದದ ಆಂಟೆನಾ.
ತೊಲೆಯಿಂದ ಎದೆಮಟ್ಟಕ್ಕೆ ಪೈಪು ಇಳಿಬಿಟ್ಟು ಬಿಗಿದವನು ಜಬೀವುಲ್ಲಾ;
ನೂಲುಗುಂಡು ಹಿಡಿದು ನೆಲ ಅಳೆದವಳು ಶ್ರುತಕೀರ್ತಿ,
ಹುಂಚದ ಹುಡುಗಿ, ಎಂ.ಟೆಕ್ ಎರಡನೇ ವರ್ಷ.
ಕೆಳಗೆ ನಿಂತು "ಇನ್ನೊಂದಂಗುಲ ಎಡಕ್ಕೆ" ಎಂದವನು ನಾನು,
ಹತ್ತೊಂಬತ್ತು ವರ್ಷದಿಂದ ಲ್ಯಾಬ್ ಇನ್‌ಸ್ಟ್ರಕ್ಟರ್.

ಕಾವಲಿನ ದುಗ್ಗಪ್ಪ ಕೇಳಿದ: ಇದಕ್ಕೆ ಎಂತ ಅಂತೀರಿ?
ನೋಡ್, ಅಂದೆ.
ನೋಡಿದ.
ನೋಡ್ದೆ ಮಾರಾಯ್ರೆ, ಹೆಸರೆಂತ ಹೇಳಿ.
ಅವತ್ತಿನಿಂದ ಅವನ ಬಾಯಲ್ಲಿ ಅವು ನೋಡುಗಳು,
ಕಣ್ಣಿಲ್ಲದವು, ಬರೀ ಕಿವಿ ಬಾಯಿ ಇದ್ದವು.

ಟೆಸ್ಟ್‌ಬೆಡ್ಡೆಂದರೆ ಒಂದು ಹಟ:
ಇವತ್ತು ಆದದ್ದು ನಾಳೆಯೂ ಆಗಬೇಕು.
ಎತ್ತರ ಒಂದೇ, ಅಂತರ ಮೂರು ಮೀಟರು, ಕರೆಂಟು ಒಂದೇ ಹದ.
ಗಾಳಿಯಲ್ಲಿ ಆಡಿದ ಮಾತಿಗೆ ತಂತಿ ಸಾಕ್ಷಿ:
ಒಂದೊಂದರ ಬೆನ್ನಿಗೂ ಕರಿ ಕೇಬಲ್ಲು,
ಯಾರು ಎಷ್ಟೊತ್ತಿಗೆ ಕೂಗಿದರು, ಯಾರಿಗೆ ಕೇಳಿತು,
ಮೂಲೆಯ ಕಂಪ್ಯೂಟರಿಗೆ ಚಾಡಿ ಹೇಳುವ ದಾರಿ.

ಹದಿನೈದು ದಿನ ಎಲ್ಲ ಸರಿ. ಆಮೇಲೆ ಮೂವತ್ತೊಂದು
ಗುರುವಾರ ಗುರುವಾರ ಮೂಕವಾಯಿತು.
ಸಾವಿರ ಕಳಿಸಿದರೆ ಅರುವತ್ತು ತಲುಪುವುದು.
ಉಳಿದದ್ದೆಲ್ಲ ಹೋದ ಪುಟ್ಟ;
ಬಂದ ಪುಟ್ಟ ಇಲ್ಲ.

ಶ್ರುತಕೀರ್ತಿ ತನ್ನ ಕೋಡನ್ನೇ ಬೈದುಕೊಂಡು ಮೂರು ರಾತ್ರಿ ಕೂತಳು.
ಆಂಟೆನಾ ಬದಲಿಸಿದೆವು. ಡಬ್ಬಿಯನ್ನೇ ಬದಲಿಸಿದೆವು:
ಹನ್ನೆರಡನ್ನು ತಂದು ಅಲ್ಲಿ ಕಟ್ಟಿದರೆ ಹನ್ನೆರಡೂ ಮೂಕ,
ಹನ್ನೆರಡರ ಜಾಗದಲ್ಲಿ ಮೂವತ್ತೊಂದು ವಟವಟ.
ಮೌನಂ ಸಮ್ಮತಿ ಅಂತಾರಲ್ಲ, ಇಲ್ಲಿ ನಡೆಯದು ಆ ಶಾಸ್ತ್ರ.
ಮೌನ ಅಂದರೆ ಫ್ಯೂಸು, ಬೆಸುಗೆ, ಇಲಿ, ದೆವ್ವ,
ಏನೂ ಆಗಬಹುದು.

ದೆವ್ವ ದುಗ್ಗಪ್ಪನ ಡೈರಿಯಲ್ಲಿತ್ತು.
ಹಾಲಿನ ಸೊಸೈಟಿ ಕೊಟ್ಟ ಡೈರಿ, ಹಸಿರು ಇಂಕು:
"ಗುರುವಾರ. ಆರನೇ ಲಾಟಿಗೆ ನೀರು ಹೊಡೆದದ್ದು. ನಾಕರಿಂದ ಆರು."
ಬಿಸಿಲಿಗೆ ದಿಮ್ಮಿ ಸೀಳಬಾರದಲ್ಲ,
ಸೀಳಿದ್ರೆ ಹರಾಜಲ್ಲಿ ರೇಟು ಬೀಳ್ತದೆ ಸಾರ್, ಅಂದ.
ಮೂವತ್ತೊಂದು ತೂಗುವುದು ಆರನೇ ಲಾಟಿನ ಬೆನ್ನಿಗೆ.
ಒಣಮರ ಬಿಟ್ಟುಕೊಟ್ಟದ್ದನ್ನು
ನೆನೆದ ಮರ ಕುಡಿದುಬಿಡುತ್ತದೆ.

ಗುರುವಾರ ಬೇಡ ಅನ್ನೋಣವೇ, ಅಂದಳು ಅವಳು.
ಕಾಡಿನಲ್ಲಿ ಯಾರಿಗೆ ಹೇಳುತ್ತೀ, ಅಂದೆ.
ದುಗ್ಗಪ್ಪನಿಗೆ ಗೆರೆ ಹೊಡೆದ ಹೊಸ ಪಟ್ಟಿ ಕೊಟ್ಟೆವು:
ತಾರೀಖು, ಯಾವ ಲಾಟು, ಎಷ್ಟು ನೀರು, ಎಷ್ಟು ಹೊತ್ತು.
ನಕ್ಷೆಯಲ್ಲಿ ನಲವತ್ತೊಂಬತ್ತನೆಯ ಚುಕ್ಕಿ ಇಟ್ಟಳು ಶ್ರುತಕೀರ್ತಿ,
ಬಾಗಿಲ ಬಳಿ, ಅವನ ಸ್ಟೂಲು ಇರುವಲ್ಲಿ.

ಮಾರ್ಚಿನಲ್ಲಿ ಹರಾಜು. ಹನ್ನೆರಡು ಲಾರಿ.
ದಿಮ್ಮಿ ಹೋದ ಮಾರನೆಯ ದಿನ ಮೂವತ್ತೊಂದು
ಸಾವಿರಕ್ಕೆ ಸಾವಿರ ಒಪ್ಪಿಸಿತು, ಮಗ್ಗಿ ಹೇಳುವ ಹುಡುಗನ ಹಾಗೆ.
ಯಾರಿಗೂ ಖುಷಿಯಾಗಲಿಲ್ಲ.
ಇಪ್ಪತ್ತು ಲೀಟರಿನ ನೀರಿನ ಕ್ಯಾನು ಎಪ್ಪತ್ತು ತಂದು
ದಿಮ್ಮಿ ಇದ್ದಲ್ಲೇ ಒಟ್ಟಿ,
ಕಳೆದುಹೋದ ಅಡ್ಡಿಯನ್ನು ಮತ್ತೆ ಕಟ್ಟಲು ಕೂತೆವು.
ನೂರ ಹತ್ತು. ಎಂಬತ್ತು. ಅರುವತ್ತಮೂರು.

ಗುರುವಾರ ಸಂಜೆ ಬೀಗ ಹಾಕುವಾಗ ಪಟ್ಟಿ ಕಣ್ಣಿಗೆ ಬಿತ್ತು.
ಯಾರೂ ಹೇಳಿರಲಿಲ್ಲ. ಹಸಿರು ಇಂಕಿನಲ್ಲಿ ಅವನು
ಗೆರೆ ದಾಟದಂತೆ ತುಂಬಿದ್ದ:
"ಲಾಟು: ಇಲ್ಲ. ನೀರು: ಇಲ್ಲ. ಹೊತ್ತು: ನಾಕರಿಂದ ಆರು."